ಸಿಪ್ಯಾಪ್ ಮಾಸ್ಕ್: ಹೊಳ್ಳೆಗೋ, ಮೂಗಿಗೋ, ಬಾಯಿ ಸೇರಿಸಿಯೋ?

ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುವ ಸ್ಲೀಪ್ ಅಪ್ನಿಯಕ್ಕೆ ಡಾಕ್ಟರು ಸಿಪ್ಯಾಪ್ (ಮಾಸ್ಕಿನ ಮೂಲಕ ಗಾಳಿ ಊದುವ ಮಷೀನು) ಬರೆದುಕೊಟ್ಟ ಕೂಡಲೇ ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಮಷೀನಿನ ಬಗ್ಗೆ. ರಾತ್ರಿ ಕಾಟ ಕೊಡುವುದು ಮಾತ್ರ ಮಾಸ್ಕು. ಮಷೀನು 4ರಿಂದ 20 ಸೆಂ.ಮೀ. ನೀರಿನಷ್ಟು ಒತ್ತಡದಲ್ಲಿ ಗಾಳಿ ಊದಿ ಗಂಟಲು ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಆ ಗಾಳಿ ಸೋರಿಹೋದರೆ ದುಬಾರಿ ಮಷೀನೂ ಒಂದೇ, ಅಗ್ಗದ್ದೂ ಒಂದೇ.

ನೇಸಲ್ ಪಿಲ್ಲೋ ಅಂದರೆ ಹೊಳ್ಳೆಗೆ ಕೂರುವ ಎರಡು ಸಿಲಿಕಾನ್ ತುದಿ. ಕನ್ನಡಕ ಹಾಕಿಕೊಂಡು ಓದಬಹುದು, ಗಡ್ಡ ಅಡ್ಡ ಬರುವುದಿಲ್ಲ. ಒತ್ತಡ ಹೆಚ್ಚಿದ್ದರೆ ಮಾತ್ರ ಹೊಳ್ಳೆ ಉರಿಯುತ್ತದೆ.

ಮೂಗಷ್ಟನ್ನೇ ಮುಚ್ಚುವ ನೇಸಲ್ ಮಾಸ್ಕ್ ಹೆಚ್ಚಿನ ಒತ್ತಡಕ್ಕೂ ತಡೆಯುತ್ತದೆ. ಮೊದಲ ಸಲ ಕೊಳ್ಳುವವರಿಗೆ ನಮ್ಮ ಆಯ್ಕೆ ಇದೇ. ಬಾಯಿ ತೆರೆದುಕೊಂಡರೆ ಇದೂ ಸೋಲುತ್ತದೆ: ಮೂಗಿನಿಂದ ಹೋದ ಗಾಳಿ ಬಾಯಿಂದ ಹೊರಬಿದ್ದು, ಬೆಳಿಗ್ಗೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿರುತ್ತದೆ.

ಆಗ ಮೂಗು, ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕ್ ಕೊಂಡುಬಿಡಿ ಅನ್ನುತ್ತಾರೆ. ಅವಸರ ಬೇಡ. ಮೂಗು ಕಟ್ಟಿದ್ದರಿಂದಲೇ ಬಾಯಿ ತೆರೆಯುವುದು ಎಷ್ಟೋ ಸಲ. ಮೊದಲು ಮೂಗಿಗೆ ಉಪ್ಪುನೀರಿನ ಸ್ಪ್ರೇ, ಊದುವ ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್ ನೋಡಿ. ಹ್ಯೂಮಿಡಿಫೈಯರ್‌ಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಬೋರ್‌ವೆಲ್ ನೀರು ಹಾಕಿದರೆ ತೊಟ್ಟಿಯ ತಳಕ್ಕೆ ಬಿಳಿ ಪದರ ಕಟ್ಟುತ್ತದೆ. ಫುಲ್ ಫೇಸ್ ಮಾಸ್ಕಿನ ಅಂಚು ಉದ್ದ, ಸೋರುವ ಜಾಗವೂ ಹೆಚ್ಚು. ಪಟ್ಟಿ ದವಡೆಯನ್ನು ಹಿಂದಕ್ಕೆ ತಳ್ಳುವುದರಿಂದ ಒಮ್ಮೊಮ್ಮೆ ಒತ್ತಡವನ್ನೂ ಏರಿಸಬೇಕಾಗುತ್ತದೆ. ವಾಂತಿಯಾದರೆ ತಾವೇ ಕಿತ್ತುಕೊಳ್ಳಲಾಗದವರಿಗೆ ಇದು ಬೇಡವೇ ಬೇಡ.

ಯಾವುದೇ ಆಗಲಿ, ಅಂಗಡಿಯಲ್ಲಿ ಕೂತು ಅಳತೆ ನೋಡಿದರೆ ಸಾಲದು. ಮಲಗಿದಾಗ ಕೆನ್ನೆ ಜಾರುತ್ತದೆ. ಮಷೀನ್ ಚಾಲೂ ಮಾಡಿ, ಅಂಗಾತ ಮಲಗಿ, ಕುಶನ್ನನ್ನು ಮುಖದಿಂದ ಒಂದಿಷ್ಟು ಎತ್ತಿ ಬಿಡಿ. ಒಳಗಿನ ತೆಳು ಪದರ ಗಾಳಿ ತುಂಬಿಕೊಂಡು ತಾನಾಗಿ ಕೂರುತ್ತದೆ. ಪಟ್ಟಿ ಎಳೆದು ಬಿಗಿದರೆ ಆ ಪದರವೇ ಮಡಚಿಕೊಂಡು ಸೋರಿಕೆ ಹೆಚ್ಚುತ್ತದೆ, ಮೂಗಿನ ಮೇಲೆ ಗಾಯ ಬೇರೆ. ಪಟ್ಟಿಯಡಿ ಒಂದು ಬೆರಳು ಸಲೀಸಾಗಿ ತೂರಬೇಕು. ಮುಖಕ್ಕೆ ಕ್ರೀಮು, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗಿದರೆ ಸಿಲಿಕಾನ್ ನಿಲ್ಲುವುದಿಲ್ಲ. ಮಾಸ್ಕಿನ ಮುಂದಿರುವ ಸಣ್ಣ ತೂತುಗಳಿಂದ ಬರುವ ಸುಯ್‌ ಸದ್ದು ಸೋರಿಕೆಯಲ್ಲ. ಬಿಟ್ಟ ಉಸಿರು ಹೊರಹೋಗುವ ದಾರಿ ಅದು, ಟೇಪ್ ಅಂಟಿಸಬೇಡಿ.

ವಾರ ಕಳೆದ ಮೇಲೆ ಮಷೀನಿನ ಪರದೆಯಲ್ಲಿ ಎಎಚ್‌ಐ (ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತಗ್ಗಿತು ಎಂಬ ಲೆಕ್ಕ) 5ರ ಕೆಳಗಿದ್ದರೆ ಮಾಸ್ಕ್ ಬದಲಿಸಬೇಡಿ. ಅದಕ್ಕಿಂತ ಹೆಚ್ಚಿದ್ದರೆ ಒತ್ತಡ ಏರಿಸಿ ಎಂದು ಡಾಕ್ಟರನ್ನು ಕೇಳುವ ಮೊದಲು ಸೋರಿಕೆಯ ಅಂಕಿ ನೋಡಿ.