ಹಳೆಯ ಕಲಾಮುದ್ರಣ: ಕಲ್ಲಚ್ಚು, ಕೊಲೊಟೈಪ್, ಆಫ್‌ಸೆಟ್

ಒಂದೇ ವರ್ಣಚಿತ್ರದ ಮೂರು ಹಳೆಯ ಮುದ್ರಿತ ಪ್ರತಿಗಳಲ್ಲಿ, ಅಂದರೆ ಕಲ್ಲಚ್ಚು, ಕೊಲೊಟೈಪ್, ಆಫ್‌ಸೆಟ್‌ಗಳಲ್ಲಿ, ಯಾವುದನ್ನು ಕೊಳ್ಳಬೇಕೆಂದು ಕೇಳಿದ್ದೀರಿ. ಮೊದಲು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಚಿತ್ರದ ಮುಖಭಾಗವನ್ನು ನೋಡಿ. ತಗಡಿನ ಮೇಲಿನ ಚಿತ್ರವನ್ನು ರಬ್ಬರ್ ಹಾಳೆಯ ಮೂಲಕ ಕಾಗದಕ್ಕೆ ಒತ್ತುವ ಆಫ್‌ಸೆಟ್‌ನಲ್ಲಿ ಬಣ್ಣದ ಚುಕ್ಕೆಗಳು ಕ್ರಮಬದ್ಧವಾಗಿ ಪುಟ್ಟ ಹೂವಿನಾಕಾರದಲ್ಲಿ ಗುಂಪುಗೂಡಿರುತ್ತವೆ. 19ನೇ ಶತಮಾನದ ಬಣ್ಣದ ಕಲ್ಲಚ್ಚಿನಲ್ಲಿ (ಕಲ್ಲಿನ ಮೇಲೆ ಬರೆದ ಚಿತ್ರದಿಂದ ಒತ್ತಿದ ಅಚ್ಚು) ಕೈಯಿಂದಿಟ್ಟ ಚುಕ್ಕೆಗಳಿಗೆ ಅಂಥ ಕ್ರಮವಿಲ್ಲ, ಶಾಯಿ ಪದರಪದರವಾಗಿ ಕೂತಿರುತ್ತದೆ. ಜೆಲಟಿನ್ ಪದರ ಲೇಪಿಸಿದ ಗಾಜಿನಿಂದ ಛಾಯಾಚಿತ್ರವನ್ನು ಅಚ್ಚೊತ್ತುವ ಕೊಲೊಟೈಪ್‌ನಲ್ಲಿ ಕಾಣುವುದು ನವಿರಾದ ಸುಕ್ಕಿನಂಥ ಕಣರಚನೆ ಮಾತ್ರ.

ಬೆಲೆಯಲ್ಲಿ ಆಫ್‌ಸೆಟ್ ಸಾಮಾನ್ಯವಾಗಿ ಅಗ್ಗ. ಜೆಲಟಿನ್ ಪದರ ಬೇಗ ಸವೆಯುವುದರಿಂದ ಕೊಲೊಟೈಪ್ ಪ್ರತಿಗಳು ಕಡಿಮೆ, ಮೂಲಚಿತ್ರದ ಛಾಯೆಗಳಿಗೆ ಅವೇ ಹೆಚ್ಚು ನಿಷ್ಠ.

ಸ್ಥಿತಿಯ ವಿಷಯದಲ್ಲಿ ನಾನು ಹೆಚ್ಚು ಕಟ್ಟುನಿಟ್ಟು. ಅಂಚಿನಲ್ಲಿರುವ ನಾಲ್ಕಾರು ಕಂದು ಕಲೆಗಳನ್ನು ಸಹಿಸಬಹುದು. ಆದರೆ ಮುದ್ರಕರ ಹೆಸರಿದ್ದ ಅಂಚನ್ನೇ ಕತ್ತರಿಸಿ, ಹಾಳೆಯನ್ನು ಆಮ್ಲೀಯ ರಟ್ಟಿಗೆ ಅಂಟಿಸಿದ್ದರೆ, ಬಣ್ಣ ಎಷ್ಟೇ ಸೊಗಸಾಗಿದ್ದರೂ ಬೆಲೆ ಬಹಳ ಇಳಿಯಬೇಕು. ಕಲ್ಲಚ್ಚಿನ ಹಾಳೆ ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆದರೆ ಅದು ಬಹುಶಃ 1950ರ ನಂತರದ ಕಾಗದ. ಹಳೆಯದೆಂಬ ಮಾತನ್ನು ನಂಬಬೇಡಿ.

ಬಿಸಿಲು ಬೀಳುವ ಗೋಡೆಗಾದರೆ ಆಫ್‌ಸೆಟ್ ಸಾಕು, ಮಾಸಿದರೂ ನಷ್ಟ ಸಣ್ಣದು. ಮುದ್ರಣಕಲೆಯ ಸಂಗ್ರಹಕ್ಕೆ ಅಂಚು ಉಳಿದಿರುವ ಕಲ್ಲಚ್ಚು, ಮೂಲಕೃತಿಯ ಅಧ್ಯಯನಕ್ಕೆ ಕೊಲೊಟೈಪ್ ಹೊಂದುತ್ತದೆ.