ಟೇಲರ್ ಮಂಜಿಲ್: ಸುರಪುರದ ಗುಡ್ಡದ ಮೇಲಿನ ತಂಗುಮನೆ

ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಊರನ್ನು ಕೆಳಗಿಟ್ಟುಕೊಂಡು ಗುಡ್ಡವೊಂದರ ಮೇಲೆ ನಿಂತಿರುವ ಟೇಲರ್ ಮಂಜಿಲನ್ನು ಬರಿಯ ವಸತಿಯ ಅನುಕೂಲದಿಂದ ಅಳೆದರೆ ಅದು ಸಾಧಾರಣವಾದ ಸರ್ಕಾರಿ ಪ್ರವಾಸಿ ಮಂದಿರ. ಚರಿತ್ರೆ ನಡೆದ ಮನೆಯೆಂದು ಅಳೆದರೆ, ಕಲಬುರಗಿ ಸೀಮೆಯಲ್ಲಿ ಇದಕ್ಕೆ ಸರಿಸಾಟಿಯಾದ ಇನ್ನೊಂದು ಬಂಗಲೆಯನ್ನು ನಾನು ಕಂಡಿಲ್ಲ. ಕೋಟೆ, ಗುಮ್ಮಟ, ದರ್ಗಾಗಳನ್ನು ನೋಡಲು ಬೀದರ್ ಮತ್ತು ಕಲಬುರಗಿಗೆ ಬರುವವರು ಸಗರನಾಡೆಂದು ಕರೆಯುವ ಸುರಪುರ ಸೀಮೆಯ ಈ ಮನೆಯನ್ನು ಬಿಟ್ಟುಹೋಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಮನೆಯನ್ನು 1844ರಲ್ಲಿ ಕಟ್ಟಿಸಿದವರು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಹಿಂದೂಸ್ತಾನಕ್ಕೆ ಬಂದು ನಿಜಾಮನ ಸೈನ್ಯ ಸೇರಿದ ಈತ, 1841ರಲ್ಲಿ ಸುರಪುರ ಸಂಸ್ಥಾನದ ಗೊಂದಲವನ್ನು ಬಗೆಹರಿಸಲು ಬ್ರಿಟಿಷರ ಪರವಾಗಿ ಬಂದು 1853ರವರೆಗೂ ಇಲ್ಲಿಯೇ ಉಳಿದರು. ಸಂಸ್ಥಾನ ಆಗ ಸಾಲದಲ್ಲಿ ಮುಳುಗಿತ್ತು. ನಿಜಾಮನಿಗೆ ಸಲ್ಲಬೇಕಾದ ಪೇಷ್ಕಷ್, ಅಂದರೆ ಕಪ್ಪಕಾಣಿಕೆ, ಬಾಕಿ ಬಿದ್ದಿತ್ತು. ಪಟ್ಟಕ್ಕೆ ಬರಬೇಕಾದ ವೆಂಕಟಪ್ಪ ನಾಯಕ ಇನ್ನೂ ಬಾಲಕ. ತಾಯಿ ಈಶ್ವರಮ್ಮ, ಅರಮನೆಯ ಬಣಗಳು, ಶಸ್ತ್ರ ಹಿಡಿದೇ ಬದುಕುತ್ತಿದ್ದ ಬೇಡ ಪಡೆಯವರು, ಇವರೆಲ್ಲರ ನಡುವೆ ಲೆಕ್ಕಪತ್ರ ಸರಿಪಡಿಸುವ, ಭೂಮಿ ಅಳೆಸುವ, ಕೆರೆ ದುರಸ್ತಿ ಮಾಡಿಸುವ ಕೆಲಸ ಟೇಲರ್ ಅವರ ಪಾಲಿಗೆ ಬಂತು. ಮೋಜಣಿ ವಿದ್ಯೆಯನ್ನು ಅವರು ಯಾವ ಕಾಲೇಜಿನಲ್ಲಿಯೂ ಕಲಿತವರಲ್ಲ, ಸ್ವಂತ ಪರಿಶ್ರಮದಿಂದ ಕಲಿತವರು. ಗುಡ್ಡದ ಮೇಲೆ ನಿಂತು ಕಲ್ಲುಬಂಡೆಗಳ ನಡುವೆ ಹರಡಿದ ಊರನ್ನೂ ಅದರಾಚೆಯ ಬಯಲನ್ನೂ ಒಮ್ಮೆ ನೋಡಿದರೆ, ಆಡಳಿತ ನಡೆಸಬೇಕಾದವನೊಬ್ಬ ಮನೆಗೆ ಈ ಜಾಗವನ್ನೇ ಏಕೆ ಆರಿಸಿದ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಆದರೆ ಈ ಕಟ್ಟಡವನ್ನು ಟೇಲರ್ ಒಬ್ಬರ ಸ್ಮಾರಕವೆಂದು ಕರೆಯುವುದು ಅರ್ಧ ಸತ್ಯ. ಅವರ ಕಣ್ಣೆದುರು ಬೆಳೆದು, ಅವರನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ ವೆಂಕಟಪ್ಪ ನಾಯಕನ ಕಥೆಯೂ ಇದೇ ಗುಡ್ಡಕ್ಕೆ ಸೇರಿದ್ದು. 1853ರಲ್ಲಿ ಅಧಿಕಾರ ವಹಿಸಿಕೊಂಡ ಆತ ಐದು ವರ್ಷಗಳೊಳಗೆ, 1858ರ ಫೆಬ್ರವರಿಯಲ್ಲಿ, ಬ್ರಿಟಿಷರ ವಿರುದ್ಧ ಎದ್ದು ನಿಂತ. ಸೆರೆಸಿಕ್ಕಾಗ ವಿಧಿಸಿದ ಮರಣದಂಡನೆ ಮುಂದೆ ಕಡಿಮೆಯಾಗಿ ಕೆಲವು ವರ್ಷಗಳ ಸೆರೆವಾಸವಾಯಿತಾದರೂ, ಸೆರೆಗೆ ಸಾಗಿಸುತ್ತಿದ್ದ ದಾರಿಯಲ್ಲಿಯೇ ಗುಂಡೇಟಿನಿಂದ ಆತನ ಬದುಕು ಮುಗಿಯಿತು. ಆತನೇ ಗುಂಡು ಹಾರಿಸಿಕೊಂಡನೆಂದು ಟೇಲರ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. 1860ರಲ್ಲಿ ಸಂಸ್ಥಾನ ನಿಜಾಮನ ವಶವಾಯಿತು. ಸಾಕಿ ಬೆಳೆಸಿದ ಆಡಳಿತಗಾರ, ಅದೇ ಆಡಳಿತದ ವಿರುದ್ಧ ಬಂಡೆದ್ದ ದೊರೆ, ಇಬ್ಬರ ನೆನಪನ್ನೂ ಹೊತ್ತ ಮನೆ ಇದು. ಆದ್ದರಿಂದ ಇಲ್ಲಿ ಮಾಹಿತಿ ಹೇಳುವವರು ಯಾರೇ ಇರಲಿ, ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ಮರೆಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೊಂದು ಕಾರಣಕ್ಕೂ ಈ ಮನೆ ದೊಡ್ಡದು. ಸುರಪುರ ಸೀಮೆಯ ರಾಜನಕೋಳೂರಿನ ಬೃಹತ್ ಶಿಲಾಸಮಾಧಿಗಳನ್ನು ಗುರುತಿಸಿ, ಅಳತೆ ತೆಗೆದು, ವಿದ್ವತ್ ಪತ್ರಿಕೆಗಳಲ್ಲಿ ಬರೆದವರಲ್ಲಿ ಟೇಲರ್ ಮೊದಲಿಗರು. ದಕ್ಷಿಣ ಭಾರತದ ಪ್ರಾಗೈತಿಹಾಸದ ಅಧ್ಯಯನದ ಆರಂಭದ ಪುಟಗಳಿಗೆ ಸುರಪುರದ ಈ ವಾಸವೇ ಬುನಾದಿ. ಕೃಷ್ಣೆಯನ್ನು ದಾಟಿದರೆ ಹಟ್ಟಿಯ ಚಿನ್ನದ ಗಣಿ. ಅಲ್ಲಿ ಪ್ರಾಚೀನರು ಬಹು ಆಳದವರೆಗೆ ಬಂಡೆ ಒಡೆದು ಅದಿರು ತೆಗೆದ ಗುರುತುಗಳಿವೆ. ಶಿಲಾಸಮಾಧಿ, ಚಿನ್ನದ ಗಣಿ, ನಾಯಕರ ರಾಜಧಾನಿ, ಎಲ್ಲವೂ ಒಂದು ಪ್ರವಾಸದಲ್ಲಿ ನೋಡುವಷ್ಟು ಹತ್ತಿರವಿರುವುದರಿಂದ, ತಂಗಲು ಸುರಪುರಕ್ಕಿಂತ ಒಳ್ಳೆಯ ನೆಲೆ ಸಿಗದು.

ಕಟ್ಟಡದ ಸ್ಥಿತಿಯ ಬಗ್ಗೆ ಹೇಳಬೇಕಾದ ಮುಖ್ಯ ಮಾತೆಂದರೆ, ಅದು ಬಳಕೆಯಲ್ಲಿರುವುದೇ ಅದರ ಪುಣ್ಯ. ಬೀಗ ಹಾಕಿ ಬಿಟ್ಟ ಹಳೆಯ ಬಂಗಲೆಗಳ ಗತಿ ನಮ್ಮ ಭಾಗದವರಿಗೆ ಗೊತ್ತೇ ಇದೆ: ಮೊದಲು ಕಿಟಕಿ ಬಾಗಿಲು ಹೋಗುತ್ತವೆ, ಆಮೇಲೆ ಜಂತೆ ತೊಲೆಗಳು. ವಾಸಕ್ಕೆಂದು ಕಟ್ಟಿದ ಮನೆ ವಾಸಕ್ಕೇ ಉಳಿದಿರುವುದರಿಂದ ಇಲ್ಲಿ ನಿತ್ಯ ಕಸ ಗುಡಿಸುವವರಿದ್ದಾರೆ, ಮಳೆಗಾಲದಲ್ಲಿ ಸೋರಿದರೆ ಕೇಳುವವರಿದ್ದಾರೆ. ಅಪಾಯವಿರುವುದು ದುರಸ್ತಿಯಲ್ಲಿ. ಈ ಮನೆ ಎದ್ದಾಗ ನಮ್ಮ ನಾಡಿನಲ್ಲಿ ಸಿಮೆಂಟ್ ಇರಲಿಲ್ಲ. ಗಚ್ಚು ಗಾರೆಯ ಕಾಲ ಅದು. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾಯಿ ಮಾಡಿ ಎಣ್ಣೆಬಣ್ಣ ಬಳಿದರೆ ತೇವ ಗೋಡೆಯೊಳಗೇ ಸಿಕ್ಕಿಕೊಂಡು, ಉಪ್ಪು ಉಕ್ಕಿ, ಹಳೆಯ ಗಾರೆ ಪುಡಿಯಾಗುತ್ತದೆ. ಚೊಕ್ಕಟವಾಗಿ ಕಾಣಲೆಂದು ಮಾಡುವ ಇಂಥ ಕೆಲಸವೇ ಹಳೆಯ ಮನೆಗಳನ್ನು ಬೇಗ ಕೊಲ್ಲುತ್ತದೆ. ಟೇಲರ್ ಮಂಜಿಲಿಗೆ ಇನ್ನು ಮುಂದೆ ಯಾವ ದುರಸ್ತಿ ನಡೆದರೂ ಸುಣ್ಣದ ಕೆಲಸ ಬಲ್ಲ ಗೌಂಡಿಗಳಿಂದಲೇ ನಡೆಯಬೇಕು. ಸ್ನಾನಗೃಹ, ವಿದ್ಯುತ್ ತಂತಿ ಮೊದಲಾದ ಅಗತ್ಯಗಳಿಗೆ ಹಳೆಯ ಗೋಡೆಯನ್ನು ಕೊರೆಯದೆ ದಾರಿ ಹುಡುಕಬೇಕು.

ವಸತಿಯ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಇತರ ಪ್ರವಾಸಿ ಮಂದಿರಗಳಂತೆ ಮೊದಲೇ ಅನುಮತಿ ಪಡೆಯಬೇಕು, ಅಧಿಕಾರಿಗಳ ಪ್ರವಾಸವಿದ್ದರೆ ಕೋಣೆ ಅವರಿಗೆ ಹೋಗುತ್ತದೆ. ಹೋಟೆಲಿನ ಸೌಕರ್ಯ ಬಯಸುವವರು ಯಾದಗಿರಿಯಲ್ಲಿಯೇ ಉಳಿದು ಹಗಲು ಬಂದು ಹೋಗುವುದು ಮೇಲು. ಊಟಕ್ಕೆ ಕೆಳಗಿನ ಊರಿಗೆ ಇಳಿದರೆ ಜೋಳದ ರೊಟ್ಟಿ, ಪುಂಡಿಪಲ್ಯ ಸಿಗುತ್ತದೆ. ಬೇಸಿಗೆಯ ಮಧ್ಯಾಹ್ನದಲ್ಲಿ ಬಂಡೆಗಳು ಕಾದು ಗುಡ್ಡವೆಲ್ಲ ಧಗಧಗಿಸುವುದರಿಂದ, ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳೇ ಸೂಕ್ತ. ಹತ್ತಿರದ ಬೋನಾಳ ಕೆರೆಗೆ ವಲಸೆ ಹಕ್ಕಿಗಳು ಬರುವುದೂ ಆಗಲೇ.

ವಸತಿಗೆ ಐದರಲ್ಲಿ ಮೂರು ಅಂಕ, ಕಟ್ಟಡದ ಮಹತ್ವಕ್ಕೆ ಪೂರ್ಣ ಐದು ಅಂಕ ಕೊಡುತ್ತೇನೆ. ಹೋಗುವವರು ವೇಣುಗೋಪಾಲಸ್ವಾಮಿ ಗುಡಿಯನ್ನೂ ನಾಯಕರ ದರಬಾರನ್ನೂ ಮೊದಲು ನೋಡಿ ಆಮೇಲೆ ಗುಡ್ಡ ಹತ್ತಬೇಕು. ಈ ಕ್ರಮದಲ್ಲಿ ನೋಡಿದರೆ ಕೆಳಗಿನ ಅರಮನೆಗೂ ಮೇಲಿನ ಬಂಗಲೆಗೂ ನಡುವಿನ ಸಂಬಂಧ ಸ್ಪಷ್ಟವಾಗಿ ತಿಳಿಯುತ್ತದೆ.