ನೇಪಲ್ಸಾ ರೋಮಾ, ಯಾವ್ದನ್ನ ನಾವೇ ಸುತ್ತೋದು?

ಇಟಲಿ ಕ್ರೂಸಲ್ಲಿ ಒಂದ್ ಕಡೆಯಾದ್ರೂ ಹಡಗಿನ ಟೂರ್ ಬಿಟ್ಟು ನಾವೇ ಸುತ್ತೋಣ ಅಂತಿದ್ರೆ ಕಣ್ಮುಚ್ಕೊಂಡು ನೇಪಲ್ಸ್ ಆರಿಸ್ಕೊಳ್ಳಿ. ಹಡಗು ನಿಲ್ಲೋದೇ ಊರ ಮಧ್ಯ, ಇಳಿದ್ರೆ ಎದುರಿಗೇ ಕೋಟೆ. ಪೊಂಪೇ (ಜ್ವಾಲಾಮುಖಿ ಬೂದೀಲಿ ಹೂತುಹೋಗಿದ್ದ ಹಳೇ ರೋಮನ್ ಊರು) ನೋಡ್ಬೇಕಾ, ಗಾರಿಬಾಲ್ಡಿ ಸ್ಟೇಷನ್ನಿಗೆ ಹೋಗಿ ಸೊರೆಂಟೊ ಕಡೆ ಹೋಗೋ ಲೋಕಲ್ ಟ್ರೇನ್ ಹತ್ತಿದ್ರೆ 35-40 ನಿಮಿಷ, ಇಳಿದ ಕೂಡ್ಲೇ ಗೇಟು. ಟ್ರೇನು ಮಾತ್ರ ಹಳೇದು, ಸಿಕ್ಕಾಪಟ್ಟೆ ರಶ್ಶು, ಪರ್ಸು ಹುಷಾರು, ಪೊಂಪೇ ಒಳಗಡೆ ನೆರಳೂ ಕಮ್ಮಿ ಅದಕ್ಕೆ ಟೋಪಿ ನೀರು ಮರೀಬೇಡಿ. ಅಷ್ಟು ಟೈಮಿಲ್ವಾ, ಊರಲ್ಲೇ ಅಡ್ಡಾಡಿ ಮರಿನಾರಾ ಪಿಜ್ಜಾ ತಿನ್ನಿ, ಬರೀ ಟೊಮೇಟೊ ಬೆಳ್ಳುಳ್ಳಿ, ಚೀಸೂ ಇರಲ್ಲ (ನಮ್ ಸಸ್ಯಾಹಾರಿಗಳಿಗೆ ಹಬ್ಬ).

ರೋಮ್ ಕಥೆ ಬೇರೆ. ಹಡಗು ನಿಲ್ಲೋದು ಚಿವಿತಾವೆಕ್ಕಿಯಾದಲ್ಲಿ, ರೋಮ್‌ಗೆ ಸುಮಾರು 70-80 ಕಿಮೀ, ಮೊದಲು ಬಂದರಿನ ಬಸ್ಸು, ಆಮೇಲೆ ಸ್ಟೇಷನ್ನು, ಆಮೇಲೆ ಟ್ರೇನು, ಹೋಗಿ ಬರೋದ್ರಲ್ಲೇ ಮೂರ್ನಾಲ್ಕು ಗಂಟೆ ಗೋತಾ. ಹಾಗಾಗಿ ಒಂದೇ ಜಾಗ ಇಟ್ಕೊಳ್ಳಿ. ವ್ಯಾಟಿಕನ್ ಅಂದ್ರೆ ಸಾನ್ ಪಿಯೆತ್ರೋ ಸ್ಟೇಷನ್ನಲ್ಲೇ ಇಳೀರಿ, ಕೊಲೋಸಿಯಂ ಅಂದ್ರೆ ರೋಮ್‌ನ ಮೇನ್ ಸ್ಟೇಷನ್ ಟೆರ್ಮಿನಿಯಿಂದ ಮೆಟ್ರೋದಲ್ಲಿ ಎರಡೇ ಸ್ಟಾಪು.

ಇನ್ನೊಂದು, ಹಡಗಿನವರ ಟೂರ್ ಬಸ್ಸು ಲೇಟಾದ್ರೆ ಹಡಗು ಸಾಮಾನ್ಯವಾಗಿ ಕಾಯುತ್ತೆ, ನೀವೇ ಹೋಗಿ ಲೇಟಾದ್ರೆ ಟಾಟಾ, ಮುಂದಿನ ಬಂದರಿಗೆ ಸ್ವಂತ ಖರ್ಚಲ್ಲಿ ಹೋಗಿ ಹಿಡೀಬೇಕು. ಇಟಲೀಲಿ ಟ್ರೇನ್ ಸ್ಟ್ರೈಕೂ ಕಾಮನ್ನು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ರೆ ರೋಮ್‌ಗೆ ದುಡ್ಡು ಜಾಸ್ತಿ ಆದ್ರೂ ಹಡಗಿನ ಬಸ್ಸೇ ವಾಸಿ.